ಎನ್‌ಆರ್‌ಎಫ್24ಎಲ್01+ ಮಾಡ್ಯೂಲ್‌ನಿಂದ ಬರುವ ಡೇಟಾ ಮಧ್ಯೆ ಮಧ್ಯೆ ಯಾಕೆ ತಪ್ಪಿಹೋಗುತ್ತದೆ?

ಆರ್ಡುಯಿನೊ ಊನೊ ಬೋರ್ಡಿಗೆ ಜೋಡಿಸಿದ ಈ ರೇಡಿಯೊ ಮಾಡ್ಯೂಲ್ (ತಂತಿಯಿಲ್ಲದೆ ಡೇಟಾ ಕಳಿಸುವ ಬಿಡಿಭಾಗ) ಸ್ವಲ್ಪ ಹೊತ್ತು ಚೆನ್ನಾಗಿ ಕಳಿಸಿ, ಆಮೇಲೆ ಪ್ಯಾಕೆಟ್ (ಡೇಟಾದ ಸಣ್ಣ ಕಂತು) ಕಳೆದುಕೊಳ್ಳುತ್ತಿದೆ ಅಂದಿದ್ದೀರಿ. ಸುಮ್ನೆ ಕೋಡ್ ತಿದ್ದುತ್ತಾ ಕೂರಬೇಡಿ, ಮೊದಲು ಪವರ್ ನೋಡಿ. ಹೊರಗೆ ಆಂಟೆನಾ ಇರುವ ಮಾದರಿ ಕಳಿಸುವ ಕ್ಷಣದಲ್ಲಿ 100 ಮಿಲಿಆಂಪ್ ದಾಟುತ್ತದೆ. ಊನೊದ 3.3 ವೋಲ್ಟ್ ಪಿನ್ನಿಗೆ ಹೇಳಿರುವ ಮಿತಿ 50 ಮಾತ್ರ. ವೋಲ್ಟೇಜ್ ಕುಸಿದರೆ ಪ್ಯಾಕೆಟ್ ಹಾಳಾಗುತ್ತದೆ. ಬೇರೆ 3.3 ವೋಲ್ಟ್ ರೆಗ್ಯುಲೇಟರ್ ಹಾಕಿ. 10 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಮಾಡ್ಯೂಲಿನ ಪವರ್ ಮತ್ತು ಗ್ರೌಂಡ್ ಪಿನ್ನುಗಳಿಗೇ ಬೆಸುಗೆ ಹಾಕಿ. ದೂರದಲ್ಲಿ ಹಾಕಿದರೆ ಪ್ರಯೋಜನ ಕಡಿಮೆ.

ರೇಡಿಯೊ ಡೇಟಾ ಕಳಿಸುವ ವೇಗವನ್ನು 250 ಕೆಬಿಪಿಎಸ್‌ಗೆ ಇಳಿಸಿದರೆ ದುರ್ಬಲ ಸಿಗ್ನಲ್ ಕೂಡ ಸಿಗುತ್ತದೆ.

ಇನ್ನು ಜಾಸ್ತಿ ಜನ ಗಮನಿಸದ ಜಾಗ ರಿಸೀವರ್, ಅಂದರೆ ಡೇಟಾ ಪಡೆಯುವ ಕಡೆ. ಚಿಪ್‌ನೊಳಗೆ ಮೂರೇ ಪ್ಯಾಕೆಟ್‌ಗೆ ಜಾಗ, ಒಂದೊಂದು ಹೆಚ್ಚೆಂದರೆ 32 ಬೈಟ್. ಬಂದ ಡೇಟಾವನ್ನು ಕಂಪ್ಯೂಟರಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ 9600 ಬಾಡ್‌ನಲ್ಲಿದ್ದರೆ (ಸೆಕೆಂಡಿಗೆ ಅಷ್ಟು ಬಿಟ್) 32 ಬೈಟ್ ಹೊರಹಾಕಲು ಸುಮಾರು 33 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಹೊಸ ಪ್ಯಾಕೆಟ್‌ಗಳು ಬಂದು ಜಾಗ ತುಂಬುತ್ತದೆ, ಮುಂದಿನದನ್ನು ಚಿಪ್ ಬಿಸಾಡುತ್ತದೆ. ಬಾಡ್ ದರವನ್ನು 115200 ಮಾಡಿ, ಒಂದೇ ಸಲಕ್ಕೆ ಇರುವ ಪ್ಯಾಕೆಟ್‌ಗಳನ್ನೆಲ್ಲ ಓದಿ ಮುಗಿಸಿ, ಲೂಪ್‌ನೊಳಗಿನ ಡಿಲೇ ತೆಗೆಯಿರಿ. ಪ್ರತಿ ಪ್ಯಾಕೆಟ್‌ಗೆ ಕ್ರಮಸಂಖ್ಯೆ ಸೇರಿಸಿದರೆ ಎಷ್ಟು ತಪ್ಪಿದವು ಅಂತ ಲೆಕ್ಕ ಸಿಗುತ್ತದೆ.