ಟ್ರೈಟಾನ್ ಎಕ್ಸ್-100 ಅನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆ?

ಮಣಿಪಾಲದಲ್ಲಿ ಎಂ.ಎಸ್‌ಸಿ. ಪ್ರಾಜೆಕ್ಟ್ ಮಾಡುತ್ತಿರುವ ತಾವು, ಜೀವಕೋಶದ ಪೊರೆಯ ಪ್ರೋಟೀನನ್ನು ಟ್ರೈಟಾನ್ ಎಂಬ ಡಿಟರ್ಜೆಂಟ್‌ನಲ್ಲಿ ಕರಗಿಸಿ, ನಿಕಲ್ ಕಾಲಂನಲ್ಲಿ (ಪ್ರೋಟೀನನ್ನು ಹಿಡಿದಿಡುವ ನಿಕಲ್ ರೆಸಿನ್ ತುಂಬಿದ ಕೊಳವೆಯಲ್ಲಿ) ಶುದ್ಧೀಕರಿಸಿದ ಮೇಲೆ ಎರಡು ದಿನ ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಚೀಲದಲ್ಲಿಟ್ಟು ಸೋಸುವುದು) ಮಾಡಿದರೂ ಡಿಟರ್ಜೆಂಟ್ ಹೋಗಿಲ್ಲವೆಂದೂ, ಡಿಟರ್ಜೆಂಟ್ ಹೀರುವ ಮಣಿಗಳಾದ ಬಯೋ-ಬೀಡ್ಸ್ ಕೊಳ್ಳುವಷ್ಟು ಹಣವಿಲ್ಲವೆಂದೂ ಬರೆದಿದ್ದೀರಿ. ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇದೇ ಬಗೆಯ ಕೆಲಸ ಮಾಡುತ್ತಿರುವ ನನ್ನ ಸಲಹೆಯೆಂದರೆ, ಟ್ರೈಟಾನ್‌ಗೆ ಡಯಾಲಿಸಿಸ್ ಬೇಡ. ಅದರ ಸಿಎಂಸಿ, ಅಂದರೆ ಅಣುಗಳು ಗುಂಪುಗೂಡಿ ಮಿಸೆಲ್ ಆಗತೊಡಗುವ ಸಾಂದ್ರತೆ, ಸುಮಾರು 0.2 ಮಿಲಿಮೋಲಾರ್ ಮಾತ್ರ. ಮಿಸೆಲ್‌ನ ತೂಕ ಸುಮಾರು 90 ಕಿಲೋಡಾಲ್ಟನ್ ಇರುವುದರಿಂದ 12–14 ಕಿಲೋಡಾಲ್ಟನ್‌ನ ಚೀಲದಿಂದ ಬಿಡಿ ಅಣುಗಳಷ್ಟೇ ಹೊರಬೀಳುತ್ತವೆ. ಆಟಿ ತಿಂಗಳ ಮಳೆಯಲ್ಲಿ ಕರೆಂಟ್ ನಂಬಿ ದಿನಗಟ್ಟಲೆ ಕೋಲ್ಡ್ ರೂಮಿನಲ್ಲಿ ಚೀಲ ತೇಲಿಬಿಡುವುದೂ ಜಾಣತನವಲ್ಲ.

ಅಗ್ಗದ ದಾರಿ ಕಾಲಂನಲ್ಲೇ ಇದೆ. ಪ್ರೋಟೀನು ರೆಸಿನ್‌ಗೆ ಅಂಟಿಕೊಂಡಿರುವಾಗಲೇ ಚಾಪ್ಸ್ ಎಂಬ ಇನ್ನೊಂದು ಡಿಟರ್ಜೆಂಟನ್ನು 1% ಬೆರೆಸಿದ ಬಫರ್ ದ್ರಾವಣವನ್ನು ಕಾಲಂ ಗಾತ್ರದ 15–20 ಪಟ್ಟು ನಿಧಾನವಾಗಿ ಹಾಯಿಸಿ, ಅದೇ ಡಿಟರ್ಜೆಂಟ್ ಇರುವ, ಪ್ರೋಟೀನನ್ನು ರೆಸಿನ್‌ನಿಂದ ಬಿಡಿಸುವ ಇಮಿಡಜೋಲ್ ಬಫರಿನಲ್ಲಿ ಪ್ರೋಟೀನನ್ನು ಇಳಿಸಿಕೊಳ್ಳಿ. ಚಾಪ್ಸ್‌ನ ಸಿಎಂಸಿ 6–10 ಮಿಲಿಮೋಲಾರ್, ಮಿಸೆಲ್ ಕೇವಲ 6 ಕಿಲೋಡಾಲ್ಟನ್ ಸುಮಾರಿನದು. ಆದ್ದರಿಂದ ಮುಂದೆ ಅದನ್ನು ಡಯಾಲಿಸಿಸ್‌ನಿಂದ ಸುಲಭವಾಗಿ ತೆಗೆಯಬಹುದು. ಆದರೆ ನಿಮ್ಮ ಪ್ರೋಟೀನು ಚಾಪ್ಸ್‌ನಲ್ಲಿ ಕ್ರಿಯಾಶೀಲವಾಗಿ ಉಳಿಯುತ್ತದೆಯೇ ಎಂದು ಮೊದಲು ಸ್ವಲ್ಪ ಪ್ರಮಾಣದಲ್ಲಿ ನೋಡಿಕೊಳ್ಳಬೇಕು.

ಈಗಾಗಲೇ ಇಳಿಸಿಕೊಂಡಿರುವ ಪ್ರೋಟೀನಿಗಾದರೆ, ಬಯೋ-ಬೀಡ್ಸ್‌ನಂತೆಯೇ ಪಾಲಿಸ್ಟೈರೀನ್ ಮಣಿಗಳಾದ ಆಂಬರ್‌ಲೈಟ್ ಎಕ್ಸ್‌ಎಡಿ-2 ಸಾಕು. ಒಣಮಣಿಗಳೊಳಗೆ ಗಾಳಿ ಇರುವುದರಿಂದ ಅವು ನೀರಿನ ಮೇಲೆ ತೇಲುತ್ತವೆ; ಫ್ಯೂಮ್ ಹುಡ್‌ನಲ್ಲಿ ಮೆಥನಾಲ್‌ನಲ್ಲಿ ನೆನೆಸಿ, ಅವು ತಳ ಸೇರಿದ ಬಳಿಕ ನೀರಿನಲ್ಲೂ ಬಫರಿನಲ್ಲೂ ಚೆನ್ನಾಗಿ ತೊಳೆದು, ಮತ್ತೆ ಒಣಗದಂತೆ ಇಡಬೇಕು. 1% ಟ್ರೈಟಾನ್ ಇರುವ ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂ ತೇವದ ಮಣಿಗಳಿಂದ ಆರಂಭಿಸಿ, ಎರಡು ಗಂಟೆಗೊಮ್ಮೆ ಹೊಸ ಮಣಿ ಹಾಕುತ್ತಾ ಹೋಗಿ. ಒಮ್ಮೆಲೇ ಸುರಿದರೆ ಆಸರೆ ತಪ್ಪಿದ ಪ್ರೋಟೀನು ಗಡ್ಡೆಕಟ್ಟುತ್ತದೆ. ಡಿಟರ್ಜೆಂಟನ್ನು ಪೂರ್ತಿ ತೆಗೆಯುವುದಿದ್ದರೆ ಲಿಪಿಡ್ಡನ್ನು (ಪೊರೆಯ ಕೊಬ್ಬನ್ನು) ಮುಂಚೆಯೇ ಬೆರೆಸಿರಬೇಕು.

ಡಿಟರ್ಜೆಂಟ್ ಎಷ್ಟು ಹೋಗಿದೆಯೆಂದು ಅಂದಾಜಿಸಲು ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆಯ ಮೇಲೆ ಒಂದು ಹನಿ ಇಡಿ: ಉಳಿದಿದ್ದರೆ ಹನಿ ಚಪ್ಪಟೆಯಾಗಿ ಹರಡುತ್ತದೆ, ಬರೀ ಬಫರಿನ ಹನಿ ಗುಂಡಗೆ ನಿಲ್ಲುತ್ತದೆ. ಪ್ರೋಟೀನನ್ನು ಅಳೆಯುವಾಗ 280 ನ್ಯಾನೊಮೀಟರ್ ಓದನ್ನು ನಂಬಬೇಡಿ, ಏಕೆಂದರೆ ಟ್ರೈಟಾನ್ ಅಲ್ಲಿಯೇ ಬೆಳಕನ್ನು ಹೀರುತ್ತದೆ. ಬಣ್ಣ ಬೆರೆಸಿ ಪ್ರೋಟೀನ್ ಅಳೆಯುವ ಬ್ರಾಡ್‌ಫರ್ಡ್ ವಿಧಾನಕ್ಕೂ ಅದು ಅಡ್ಡಿ, ಬಿಸಿಎ ವಿಧಾನ ಸೂಕ್ತ.