ಸ್ಕಾಟ್ಲೆಂಡ್‌ನಲ್ಲಿ ವಯಸ್ಸಾದವರಿಗೆ ಸಮುದ್ರಯಾನ ಒಳ್ಳೆಯದೋ, ಕಾಲುವೆಯಾನವೋ?

ಎಪ್ಪತ್ತು ದಾಟಿದ ತಂದೆತಾಯಿಯನ್ನು ಸ್ಕಾಟ್ಲೆಂಡ್‌ಗೆ ಕರೆದೊಯ್ಯುತ್ತಿರುವ ತಾವು, ಪಶ್ಚಿಮ ಕರಾವಳಿಯ ದೋಣಿಯಾನ ಲೇಸೋ ಕಾಲುವೆಯದು ಲೇಸೋ ಎಂದು ಕೇಳಿದ್ದೀರಿ. ಎರಡನ್ನೂ ಮಾಡಿರುವ ನಾನು ಹಿಂಜರಿಕೆಯಿಲ್ಲದೆ ಕ್ಯಾಲಿಡೋನಿಯನ್ ಕಾಲುವೆಯನ್ನು ಸೂಚಿಸುತ್ತೇನೆ.

ಇನ್ವರ್ನೆಸ್‌ನಿಂದ ಫೋರ್ಟ್ ವಿಲಿಯಂ ಸಮೀಪದ ಕಾರ್ಪಾಕ್‌ವರೆಗೆ ಸುಮಾರು 97 ಕಿ.ಮೀ. ಸಾಗುವ ಈ ಜಲಮಾರ್ಗದಲ್ಲಿ ಅಗೆದು ಮಾಡಿದ ಭಾಗ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಉಳಿದದ್ದೆಲ್ಲ ನೆಸ್, ಆಯ್ಖ್, ಲಾಖಿ ಮೊದಲಾದ ಸರೋವರಗಳು. (ಅಲ್ಲಿ ಸರೋವರಕ್ಕೆ ‘ಲಾಖ್’ ಎನ್ನುತ್ತಾರೆ, ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಳ್ಳ ತೊಟ್ಟಿ ‘ಲಾಕ್’. ನನ್ನ ತಂದೆಗೆ ಕೊನೆಯವರೆಗೂ ಈ ಗೊಂದಲ ತೀರಲಿಲ್ಲ.) ಉತ್ತರ ತುದಿಯ ಅಪಾಯಕರ ಸಮುದ್ರವನ್ನು ಹಡಗುಗಳು ಸುತ್ತಿ ಬರುವುದು ತಪ್ಪಲೆಂದು ಎಂಜಿನಿಯರ್ ಥಾಮಸ್ ಟೆಲ್ಫರ್ಡ್ 1803ರಲ್ಲಿ ಆರಂಭಿಸಿದ ಕೆಲಸ ಮುಗಿದು ಕಾಲುವೆ ತೆರೆಯುವಷ್ಟರಲ್ಲಿ 1822 ಆಗಿತ್ತು, ಹಡಗುಗಳೂ ಅದಕ್ಕೆ ಹಿಡಿಸದಷ್ಟು ದೊಡ್ಡವಾಗತೊಡಗಿದ್ದವು. ವ್ಯಾಪಾರಕ್ಕೆ ಒದಗದ ಆ ಕಾಲುವೆ ಇಂದು ನಮ್ಮಂಥ ಪ್ರವಾಸಿಗಳಿಗೆ ಒದಗಿದೆ.

ಒಟ್ಟು 29 ಲಾಕ್‌ಗಳ ಪೈಕಿ ಕಾರ್ಪಾಕ್ ಬಳಿಯ ಬನಾವಿಯಲ್ಲಿ ಎಂಟು ಒಂದಕ್ಕೊಂದು ಅಂಟಿಕೊಂಡಿವೆ. ಇದನ್ನು ನೆಪ್ಚೂನನ ಮೆಟ್ಟಿಲು ಎಂದು ಕರೆಯುತ್ತಾರೆ. ಹಿಂದಿನ ಬಾಗಿಲು ಮುಚ್ಚಿ, ಮುಂದಿನ ತೊಟ್ಟಿಯ ನೀರು ಒಳಗೆ ನುಗ್ಗಿ, ದೋಣಿ ತಾನಿರುವಲ್ಲಿಯೇ ಮೇಲೇಳುತ್ತ ಸುಮಾರು 20 ಮೀಟರ್ ಏರಲು ಒಂದೂವರೆ ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ದಡಕ್ಕಿಳಿದು ಅಡ್ಡಾಡಬಹುದು. ಮೋಡ ಸರಿದರೆ ಬೆನ್ ನೆವಿಸ್ ಪರ್ವತ ಕಾಣುತ್ತದೆ. ಯಂತ್ರಗಳು ಬರುವ ಮುನ್ನ ಈ ಬಾಗಿಲುಗಳನ್ನು ಕೈಯಿಂದಲೇ ರಾಟೆ ತಿರುಗಿಸಿ ತೆರೆಯುತ್ತಿದ್ದರು.

ಕರಾವಳಿಯ ವಿಷಯದಲ್ಲಿ ನನ್ನ ಅನುಭವ ಬೇರೆ. ಸ್ಟಾಫಾ ದ್ವೀಪದ ಫಿಂಗಲ್ ಗುಹೆಯ ಕಂಬಗಳಂಥ ಬಸಾಲ್ಟ್ ಶಿಲೆಗಳು, ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ನೋಡಿದವರಿಗೆ ಹಳೆಯ ಪರಿಚಯದವರಂತೆ ಕಾಣುತ್ತವೆ. ಆದರೆ ಅಟ್ಲಾಂಟಿಕ್‌ಗೆ ತೆರೆದಿರುವ ಆ ದ್ವೀಪದಲ್ಲಿ ಅಲೆ ಎದ್ದರೆ ಇಳಿಸುವುದೇ ಇಲ್ಲ; ನಾವು ಹೋದ ದಿನ ಹಾಗೆಯೇ ಆಗಿ, ಅಮ್ಮ ವಾಂತಿಯಿಂದ ಬಳಲಿದರು. ಸಮುದ್ರ ಬೇಕೇ ಬೇಕೆಂದರೆ ಮಲ್ ದ್ವೀಪದ ಮರೆಯಲ್ಲಿರುವ ಮಲ್ ಜಲಸಂಧಿಯಲ್ಲಿ, ಬಣ್ಣದ ಮನೆಗಳ ಟೋಬರ್‌ಮೋರಿಯವರೆಗೆ ಸಾಗಿದರೆ ಸಾಕು. ಬೇಸಿಗೆಯಲ್ಲೂ ಉಣ್ಣೆಯ ಉಡುಪು, ಮಿಡ್ಜ್ ಎಂಬ ಸೂಕ್ಷ್ಮ ನೊಣಕ್ಕೆ ಔಷಧ ಜೊತೆಗಿರಲಿ.