ಹಳೆಯ ಲೈನರ್‌ಗಳನ್ನೇ ಯಾಕೆ ಕ್ರೂಸ್ ಹಡಗು ಮಾಡಿಕೊಳ್ಳಲಿಲ್ಲ?

ನೀವು ಕೇಳಿದ್ದು: ‘ಹಿಂದೆ ಅಟ್ಲಾಂಟಿಕ್ ದಾಟುತ್ತಿದ್ದ ದೊಡ್ಡ ಲೈನರ್‌ಗಳು ವಿಮಾನ ಬಂದ ಮೇಲೆ ಗುಜರಿಗೆ ಹೋದವು. ಅವನ್ನೇ ಕ್ರೂಸ್ ಹಡಗು ಮಾಡಿಕೊಳ್ಳಬಹುದಿತ್ತಲ್ಲ? ಎರಡೂ ಜನರನ್ನು ಹೊತ್ತು ಹೋಗುವ ಹಡಗೇ ಅಲ್ವಾ?’

ಮಾಡಿಕೊಂಡಿದ್ದಾರೆ. ಲೈನರ್ ಅಂದರೆ ಜನರನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಬೇಗ ಮುಟ್ಟಿಸುವ ಹಡಗು, ಕ್ರೂಸ್ ಹಡಗು ಅಂದರೆ ವಿಹಾರಕ್ಕೆ ಕರೆದೊಯ್ಯುವ ಹಡಗು. ಹಾಗೆ ಬದಲಾಯಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಯೋಗ ನಡೆದದ್ದು ‘ಫ್ರಾನ್ಸ್’ ಅನ್ನೋ ಹಡಗಿನ ಮೇಲೆ. ನಾನು ಕೆಲವು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು. ಹಾಗಾಗಿ ಈ ಹಡಗಿನ ಊಟದ ಹಾಲು, ಗೊಂಚಲು ದೀಪಗಳಿಗಿಂತ ಅದರ ಹೊಟ್ಟೆಯೊಳಗೆ ಏನಿತ್ತು ಅನ್ನೋದರ ಮೇಲೇ ನನಗೆ ಕಣ್ಣು. ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ.

ಈ ಹಡಗು ಹುಟ್ಟಿದ್ದೇ ತಪ್ಪು ಹೊತ್ತಿನಲ್ಲಿ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟೋಕೆ ಶುರು ಮಾಡಿದ್ದು 1957ರ ಅಕ್ಟೋಬರ್‌ನಲ್ಲಿ. ಸರಿಯಾಗಿ ಒಂದು ವರ್ಷಕ್ಕೆ, 1958ರ ಅಕ್ಟೋಬರ್‌ನಲ್ಲಿ, ಜೆಟ್ ವಿಮಾನಗಳು ಜನರನ್ನು ಕೂರಿಸಿಕೊಂಡು ಅಟ್ಲಾಂಟಿಕ್ ದಾಟೋಕೆ ಶುರು ಮಾಡಿದವು. ಹಡಗಿಗೆ ಐದು ದಿನ ಹಿಡಿಯುವ ದಾರಿ ವಿಮಾನಕ್ಕೆ ಕೆಲವೇ ಗಂಟೆ. ಆದರೂ ಕೆಲಸ ನಿಲ್ಲಲಿಲ್ಲ. ದೇಶದ ಮಾನದ ಪ್ರಶ್ನೆ ನೋಡಿ. 1960ರ ಮೇ ತಿಂಗಳಲ್ಲಿ ಅಧ್ಯಕ್ಷ ಡಿಗಾಲ್ ಅವರ ಪತ್ನಿ ಕೈಯಿಂದ ಹೆಸರಿಡಿಸಿ ಹಡಗನ್ನು ನೀರಿಗಿಳಿಸಿದರು. 1962ರ ಫೆಬ್ರವರಿಯಲ್ಲಿ ಲ ಹಾವ್ರ್‌ನಿಂದ ನ್ಯೂಯಾರ್ಕ್‌ಗೆ ಮೊದಲ ಪ್ರಯಾಣ. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೋನಾಲೀಸಾ ಚಿತ್ರ ಅಮೆರಿಕಕ್ಕೆ ಹೋದದ್ದೂ ಇದೇ ಹಡಗಿನಲ್ಲಿ.

ಉದ್ದ ಸುಮಾರು 315 ಮೀಟರ್. 2003ರ ಕೊನೆಗೆ ‘ಕ್ವೀನ್ ಮೇರಿ 2’ ಬರುವವರೆಗೂ ಇಷ್ಟು ಉದ್ದದ ಪ್ರಯಾಣಿಕರ ಹಡಗು ಇನ್ನೊಂದಿರಲಿಲ್ಲ. ನೀರು ಕಾಯಿಸಿ ಆವಿ ಮಾಡುವ ಎಂಟು ಬಾಯ್ಲರ್, ಆ ಆವಿಯಿಂದ ತಿರುಗುವ ಸ್ಟೀಮ್ ಟರ್ಬೈನ್‌ಗಳು, ನಾಲ್ಕು ಪ್ರೊಪೆಲ್ಲರ್, 30 ನಾಟ್‌ಗೂ (ಗಂಟೆಗೆ ಸುಮಾರು 55 ಕಿ.ಮೀ.) ಮೀರಿದ ವೇಗ. ಚಿಮಣಿಗಳನ್ನು ಫೋಟೋದಲ್ಲಿ ಒಮ್ಮೆ ನೋಡಿ. ಎರಡೂ ಚಿಮಣಿಗಳ ಅಕ್ಕಪಕ್ಕ ರೆಕ್ಕೆ ಥರ ಚಾಚಿಕೊಂಡಿರುತ್ತದೆ. ಅದು ಬರೀ ಅಂದಕ್ಕಲ್ಲ. ಹೊಗೆ ಆ ರೆಕ್ಕೆಗಳ ತುದಿಯಿಂದ ಆಚೆ ಹೋಗಿ, ಡೆಕ್ಕಿನಲ್ಲಿ ನಿಂತವರ ತಲೆ ಮೇಲೆ ಮಸಿ ಬೀಳದಿರಲಿ ಅಂತ. ನನ್ನ ಕೇಳಿದರೆ ಇಡೀ ಹಡಗಿನಲ್ಲಿ ಅತಿ ಜಾಣ ಕೆಲಸ ಅದೇ.

ಉಳಿದದ್ದೆಲ್ಲ ಉತ್ತರ ಅಟ್ಲಾಂಟಿಕ್ಕಿನ ಚಳಿಗಾಳಿಗೆ ಹೇಳಿ ಮಾಡಿಸಿದ್ದು. ಈಜುಕೊಳದ ಮೇಲೆ ಗಾಜಿನ ಮುಚ್ಚಳ, ಅಡ್ಡಾಡೋಕೆ ಗಾಜು ಹಾಕಿದ ಓಣಿಗಳು, ಫಸ್ಟ್ ಕ್ಲಾಸಿಗೆ ಬೇರೆ ಜಾಗ, ಟೂರಿಸ್ಟ್ ಕ್ಲಾಸಿಗೆ ಬೇರೆ. ನೀರಿನೊಳಗೆ ಮುಳುಗುವ ಭಾಗ ಹತ್ತು ಮೀಟರ್‌ಗೂ ಜಾಸ್ತಿ. ಅಗಲ ಎಷ್ಟೆಂದರೆ ಪನಾಮಾ ಕಾಲುವೆಯೊಳಗೆ ತೂರುತ್ತಲೇ ಇರಲಿಲ್ಲ.

1973ರಲ್ಲಿ ಎಣ್ಣೆ ಬೆಲೆ ಏರಿತು. 1974ರಲ್ಲಿ ಸರ್ಕಾರ ಸಬ್ಸಿಡಿ ನಿಲ್ಲಿಸಿತು. ಆ ಸೆಪ್ಟೆಂಬರ್‌ನಲ್ಲಿ ಸಿಬ್ಬಂದಿಯೇ ಹಡಗನ್ನು ವಶಕ್ಕೆ ತೆಗೆದುಕೊಂಡು ಲ ಹಾವ್ರ್ ಬಂದರಿನ ಬಾಯಲ್ಲಿ ಲಂಗರು ಹಾಕಿಬಿಟ್ಟರು. ಏನೂ ಪ್ರಯೋಜನವಾಗಲಿಲ್ಲ. ಮುಂದಿನ ನಾಲ್ಕೂ ಚಿಲ್ಲರೆ ವರ್ಷ ಹಡಗು ಸುಮ್ನೆ ಮೂಲೆಯಲ್ಲಿ ನಿಂತಿತ್ತು.

1979ರಲ್ಲಿ ನಾರ್ವೆಯ ಹಡಗು ಉದ್ಯಮಿ ಕ್ನುಟ್ ಕ್ಲೋಸ್ಟರ್ 1.8 ಕೋಟಿ ಡಾಲರ್‌ಗೆ ಕೊಂಡರು. ಜರ್ಮನಿಯ ಬ್ರೆಮರ್‌ಹಾಫೆನ್‌ಗೆ ಒಯ್ದು, ಕೊಂಡದ್ದಕ್ಕಿಂತ ಹಲವು ಪಟ್ಟು ಖರ್ಚು ಮಾಡಿ ರಿಪೇರಿ ಮಾಡಿಸಿದರು. ಮಜಾ ಏನೆಂದರೆ, ಆ ರಿಪೇರಿಯಲ್ಲಿ ಮುಖ್ಯವಾದ ಕೆಲಸ ಸೇರಿಸುವುದಲ್ಲ, ಕಿತ್ತು ಹಾಕುವುದು. ಮುಂದಿನ ಎಂಜಿನ್ ರೂಮನ್ನೇ ನಿಲ್ಲಿಸಿದರು. ನಾಲ್ಕು ಬಾಯ್ಲರ್ ಆರಿದವು. ಹೊರಗಿನ ಎರಡು ಪ್ರೊಪೆಲ್ಲರ್ ಬಿಚ್ಚಿದರು. ಯಾಕೆಂದರೆ ಕ್ರೂಸ್‌ಗೆ ಬಂದವರಿಗೆ ಎಲ್ಲಿಗೂ ಬೇಗ ತಲುಪುವ ಅವಸರವಿಲ್ಲ. ಹದಿನೇಳು ಹದಿನೆಂಟು ನಾಟ್ ಧಾರಾಳ ಸಾಕು. ಗಾಜಿನ ಓಣಿಗಳು ಅಂಗಡಿ ಬೀದಿಗಳಾದವು. ಒಂದಕ್ಕೆ ಫಿಫ್ತ್ ಅವೆನ್ಯೂ, ಇನ್ನೊಂದಕ್ಕೆ ಶಾಂಜ್ ಎಲಿಜೆ ಅಂತ ಹೆಸರು. ಕ್ಲಾಸ್ ಭೇದ ಹೋಯಿತು. ಹಡಗಿಗೆ ‘ನಾರ್ವೆ’ ಅನ್ನೋ ಹೊಸ ಹೆಸರು ಬಂತು. 1980ರಲ್ಲಿ ಮಿಯಾಮಿಯಿಂದ ಕೆರಿಬಿಯನ್ ಓಡಾಟ ಶುರು.

ಆದರೆ ಆ ಕಡೆಯ ದ್ವೀಪಗಳ ಪುಟ್ಟ ಬಂದರುಗಳಲ್ಲಿ ಈ ಹಡಗಿಗೆ ಬೇಕಾದಷ್ಟು ಆಳ ಎಲ್ಲಿಂದ ಬರಬೇಕು? ಅದಕ್ಕೆ ಮುಂದಿನ ಡೆಕ್ ಮೇಲೆ ಎರಡು ದೊಡ್ಡ ಬೋಟು ಕೂರಿಸಿದರು. ಹಡಗು ಸಮುದ್ರದಲ್ಲೇ ನಿಲ್ಲುತ್ತಿತ್ತು. ಬೋಟುಗಳನ್ನು ನೀರಿಗಿಳಿಸಿ ನೂರಾರು ಜನರನ್ನು ಒಟ್ಟಿಗೆ ದಡಕ್ಕೆ ಸಾಗಿಸುತ್ತಿದ್ದರು. ಲೈನರನ್ನು ಕ್ರೂಸ್‌ಗೆ ಹಾಕಿದರೆ ಬರುವ ಕಿರಿಕಿರಿ ಇಂಥದ್ದೇ. ಇಷ್ಟಾದರೂ ವ್ಯಾಪಾರ ಜೋರಾಗಿತ್ತು. ದೊಡ್ಡ ಹಡಗೇ ಒಂದು ಆಕರ್ಷಣೆ ಅಂತ ಕ್ರೂಸ್ ಕಂಪನಿಗಳಿಗೆ ಗೊತ್ತಾಗಿದ್ದು ಇದನ್ನು ನೋಡಿ ಅಂತಲೇ ನನ್ನ ಲೆಕ್ಕ. 1988ರಲ್ಲಿ ‘ಸಾವರಿನ್ ಆಫ್ ದಿ ಸೀಸ್’ ಅನ್ನೋ ಕ್ರೂಸ್ ಹಡಗು ಬಂದು ಗ್ರಾಸ್ ಟನ್ (ಹಡಗಿನ ಒಳಗಿನ ಒಟ್ಟು ಜಾಗದ ಅಳತೆ) ಲೆಕ್ಕದಲ್ಲಿ ಇದನ್ನು ಹಿಂದೆ ಹಾಕಿತು. ಅದನ್ನು ಕಟ್ಟಿದ್ದೂ ಸೇಂಟ್ ನಜೇರ್‌ನಲ್ಲೇ! ‘ನಾರ್ವೆ’ಯ ಮಾಲೀಕರು ಬಿಡ್ತಾರಾ? 1990ರಲ್ಲಿ ಮೇಲೆ ಎರಡು ಡೆಕ್ ಏರಿಸಿದರು, ಬಾಲ್ಕನಿ ಇರುವ ಕ್ಯಾಬಿನ್ ಮಾಡಿದರು, ಹುಟ್ಟಿದಾಗ 66 ಸಾವಿರ ಗ್ರಾಸ್ ಟನ್ ಇದ್ದ ಹಡಗನ್ನು 76 ಸಾವಿರಕ್ಕೆ ಮುಟ್ಟಿಸಿದರು. ಹಡಗಿನ ಚೆಂದ ಮಾತ್ರ ಅಲ್ಲಿಗೆ ಕೆಟ್ಟಿತು.

ಇಷ್ಟೆಲ್ಲ ಮಾಡಿದವರು ಉಳಿದ ನಾಲ್ಕು ಬಾಯ್ಲರ್‌ಗಳನ್ನು ಹಾಗೇ ಇಟ್ಟುಕೊಂಡರು. ಹೈ ಪ್ರೆಶರ್ ಬಾಯ್ಲರ್‌ಗೆ ಒಂದೇ ಸಮನೆ ಉರಿಯುವುದು ಒಗ್ಗುತ್ತದೆ. ಪದೇ ಪದೇ ಬೇಗ ಬೇಗ ಕಾಯಿಸಿ ಆರಿಸಿದರೆ ಲೋಹ ಹಿಗ್ಗಿ ಕುಗ್ಗಿ ದಣಿಯುತ್ತದೆ. ಒಳಗಿನ ನೀರಿನ ಶುದ್ಧತೆ ತಪ್ಪಿದರೆ ಗುಳಿ ಬೀಳುತ್ತದೆ, ಆಮೇಲೆ ಬಿರುಕು. 2003ರ ಮೇ 25ರ ಬೆಳಗ್ಗೆ ಮಿಯಾಮಿ ಬಂದರಿನಲ್ಲಿ ಹಡಗು ಬಂದು ನಿಂತ ಸ್ವಲ್ಪ ಹೊತ್ತಿಗೆ ಒಂದು ಬಾಯ್ಲರಿನ ಹೆಡರ್ (ಸಣ್ಣ ಕೊಳವೆಗಳೆಲ್ಲ ಬಂದು ಸೇರುವ ದಪ್ಪ ಕೊಳವೆ) ಸೀಳಿತು. ಒತ್ತಡದಲ್ಲಿದ್ದ ಬಿಸಿನೀರು, ಒತ್ತಡ ತಪ್ಪಿದ ಕ್ಷಣಕ್ಕೆ ಆವಿಯಾಗಿ ನೂರಾರು ಪಟ್ಟು ಹಿಗ್ಗುತ್ತದೆ. ಓಡೋಕೆ ಸಮಯವೇ ಸಿಗುವುದಿಲ್ಲ. ಎಂಟು ಸಿಬ್ಬಂದಿ ಸತ್ತರು. ಬಾಯ್ಲರ್ ನಡೆಸಿದ ರೀತಿ, ನಿರ್ವಹಣೆ, ತಪಾಸಣೆ ಮೂರರಲ್ಲೂ ಲೋಪವಿತ್ತು ಅಂತ ಅಮೆರಿಕದ ತನಿಖೆ ಹೇಳಿತು.

ಆಮೇಲೆ ಹಡಗು ಪ್ರಯಾಣಿಕರನ್ನು ಕೂರಿಸಿಕೊಳ್ಳಲೇ ಇಲ್ಲ. ಎಳೆದುಕೊಂಡು ಬ್ರೆಮರ್‌ಹಾಫೆನ್‌ಗೆ, ಅಲ್ಲಿಂದ ಮಲೇಷ್ಯಾಕ್ಕೆ. ‘ಬ್ಲೂ ಲೇಡಿ’ ಅಂತ ಮತ್ತೆ ಹೆಸರು ಬದಲು. ಒಳಗೆ ಕಲ್ನಾರು (ಆಸ್ಬೆಸ್ಟಾಸ್, ಉಸಿರಿನ ಜೊತೆ ಒಳಗೆ ಹೋದರೆ ಅಪಾಯ) ತುಂಬಿದೆ ಅಂತ, ಒಡೆಯೋಕೆ ತರುವುದು ಬೇಡವೆಂದಿತು ಬಾಂಗ್ಲಾದೇಶ. 2006ರ ಆಗಸ್ಟ್‌ನಲ್ಲಿ ಹಳೆ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್ ದಡಕ್ಕೆ ಬಂತು. ಅಲ್ಲಿ ಉಬ್ಬರದ ನೀರು ಎತ್ತರಕ್ಕೆ ಏರುತ್ತದೆ, ಹಡಗನ್ನು ಸೀದಾ ದಡಕ್ಕೆ ಹತ್ತಿಸಬಹುದು. ಕಲ್ನಾರಿನ ವಿಚಾರ ಸುಪ್ರೀಂ ಕೋರ್ಟಿನಲ್ಲಿ ಎಳೆದಾಡಿ, 2007ರ ಸೆಪ್ಟೆಂಬರ್‌ನಲ್ಲಿ ಒಡೆಯೋಕೆ ಒಪ್ಪಿಗೆ ಸಿಕ್ಕಿತು. ಮೂತಿಯ ತುಂಡೊಂದು ಮಾತ್ರ ಈಗ ಲ ಹಾವ್ರ್‌ನಲ್ಲಿದೆ.

ಹಾಗಾದರೆ ಲೈನರ್‌ಗಳನ್ನು ಉಳಿಸಿಕೊಳ್ಳಲು ದಾರಿಯೇ ಇರಲಿಲ್ವಾ? ಇತ್ತು. ಬ್ರಿಟನ್ನಿನ ‘ಕ್ಯೂಇ 2’ (ಕ್ವೀನ್ ಎಲಿಜಬೆತ್ 2) ಕೂಡ ಸ್ಟೀಮ್ ಹಡಗೇ, 1969ರಿಂದ ಓಡುತ್ತಿತ್ತು. 1986ರಲ್ಲಿ ಅದನ್ನೂ ಬ್ರೆಮರ್‌ಹಾಫೆನ್‌ಗೇ ಒಯ್ದು, ಬಾಯ್ಲರ್ ಟರ್ಬೈನ್ ಎಲ್ಲ ಕಿತ್ತು ಒಂಬತ್ತು ಡೀಸೆಲ್ ಎಂಜಿನ್ ಕೂರಿಸಿದರು. ಅದು 2008ರವರೆಗೆ ಸಮುದ್ರದಲ್ಲಿತ್ತು. ಈಗ ದುಬೈನಲ್ಲಿ ಹೋಟೆಲ್ ಆಗಿದೆ, ಹೋಗಿ ರೂಮು ಮಾಡಬಹುದು.